ಬೀಗರ ಪ್ರೊಸೆಸರ್ರೂ ನನ್ನ ಗ್ರಾಫಿಕ್ಸ್ ಕಾರ್ಡೂ

ನಾನು ಯಾರಿಗೆ ಏನು ಕೊಟ್ಟರೂ ಅದು ಕೊಟ್ಟ ದಿನ ನಡೆಯುವುದಿಲ್ಲ. ಊರ ದೇವಸ್ಥಾನಕ್ಕೆ ಗಂಟೆ ಕೊಟ್ಟೆ. ಮೊದಲನೇ ಮಂಗಳಾರತಿಗೇ ಅದರ ನಾಲಿಗೆ ಕಳಚಿ ಅರ್ಚಕರ ತಟ್ಟೆಗೆ ಬಿತ್ತು. ನಾನು ಓದಿದ ಶಾಲೆಗೆ ಗೋಡೆ ಗಡಿಯಾರ ಕೊಟ್ಟೆ; ಹೆಡ್ ಮಾಸ್ತರು ಸಮಯದ ಮಹತ್ವದ ಬಗ್ಗೆ ಭಾಷಣ ಮಾಡುತ್ತಿರುವಾಗಲೇ ಅದು ನಿಂತಿತು. ಎರಡನ್ನೂ ಸಹಿಸಿಕೊಂಡೆ. ದೇವರು ಆಡಿಕೊಳ್ಳುವವನಲ್ಲ, ಮಾಸ್ತರರಿಗೆ ಪುರುಸೊತ್ತಿಲ್ಲ. ಆದರೆ ಬೀಗರ ವಿಷಯ ಬೇರೆ. ಅವರಿಗೆ ಪುರುಸೊತ್ತೂ ಇದೆ, ಆಡಿಕೊಳ್ಳಲು ಬಾಯಿಯೂ ಇದೆ.

ಮಗಳನ್ನು ಶಿಕಾರಿಪುರಕ್ಕೆ ಕೊಟ್ಟ ವರ್ಷದ ದೀಪಾವಳಿ. ನಮ್ಮ ಚಂದ್ರಗುತ್ತಿ ಕಡೆ ಅದಕ್ಕೆ ದೊಡ್ಡಹಬ್ಬ ಎಂದೇ ಹೆಸರು. ಹೊಸ ಅಳಿಯನನ್ನು ಮನೆಗೆ ಕರೆದು, ಬಲಿಪಾಡ್ಯಮಿಯ ದಿನ ತಾಂಬೂಲದ ಜೊತೆ ಒಂದು ಉಡುಗೊರೆ ಕೊಡಬೇಕು. ಅದನ್ನು ನೋಡಿ ಬೀಗರು ಬಾಯಿತುಂಬ "ಚೆನ್ನಾಗಿದೆ" ಅನ್ನಬೇಕು. ಆ ಒಂದು ಮಾತು ಬರದಿದ್ದರೆ, "ಮೊದಲ ಹಬ್ಬಕ್ಕೆ ಇವಳಪ್ಪ ಏನೋ ಕೊಟ್ಟಿದ್ರು, ನಡೀಲೇ ಇಲ್ಲ" ಅನ್ನುವುದು ಇನ್ನು ಇಪ್ಪತ್ತು ವರ್ಷ ನನ್ನ ಮಗಳ ಕಿವಿಗೆ ಬೀಳುತ್ತಲೇ ಇರುತ್ತದೆ. ನನಗೆ ಬೇಕಾಗಿದ್ದು ಬೀಗರ ಬಾಯಿಂದ ಆ ಒಂದು ಮಾತು, ಅಷ್ಟೇ. ಅದಕ್ಕೆ ಪಟ್ಟ ಪಾಡು ಇಲ್ಲಿದೆ.

ಅಳಿಯ ಬಾಯಿ ಬಿಟ್ಟ

ಅಳಿಯ ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಒಳ್ಳೆಯವನು, ಮಾತು ಕಡಿಮೆ. ನವರಾತ್ರಿಯಲ್ಲಿ ಫೋನ್ ಮಾಡಿ, "ಹಬ್ಬಕ್ಕೆ ಏನು ಬೇಕು ಹೇಳಿ, ಉಂಗುರವೋ ವಾಚೋ?" ಎಂದೆ.

"ಏನೂ ಬೇಡ ಮಾವ."

ಅಳಿಯಂದಿರು ಮೊದಲ ಸಲ ಹೀಗೇ ಹೇಳುವುದು. ಎರಡನೇ ಸಲ ಕೇಳಿದೆ. "ನಿಮಗ್ಯಾಕೆ ತೊಂದರೆ ಮಾವ" ಎಂದ. ಮೂರನೇ ಸಲ ಕೇಳುವಷ್ಟರಲ್ಲಿ ಹಿಂದಿನಿಂದ ನನ್ನ ಮಗಳು, "ಹೇಳ್ರೀ ಬೇಗ, ಅಪ್ಪ ನಾಲ್ಕನೇ ಸಲ ಕೇಳಲ್ಲ" ಅಂದಿದ್ದು ಕೇಳಿಸಿತು. ಅಳಿಯ ಗಂಟಲು ಸರಿ ಮಾಡಿಕೊಂಡು, "ಗ್ರಾಫಿಕ್ಸ್ ಕಾರ್ಡು ಮಾವ" ಎಂದ. ಕಂಪ್ಯೂಟರಿನಲ್ಲಿ ಆಟ ಆಡುವಾಗ ಚಿತ್ರ ಚೆನ್ನಾಗಿ ಬರಲು ಒಳಗೆ ಕೂರಿಸುವ ವಸ್ತು ಎಂದು ವಿವರಿಸಿದ.

ನಮ್ಮನೆಯವಳಿಗೆ ಹೇಳಿದೆ. ಅವಳು ಒಲೆಯ ಮೇಲಿನ ಪಾತ್ರೆ ಇಳಿಸಿಟ್ಟು ಈಚೆ ಬಂದಳು. "ಕಾರ್ಡಾ? ಮೊದಲ ಹಬ್ಬಕ್ಕೆ ಬಂದ ಅಳಿಯನ ಕೈಗೆ ಕಾರ್ಡು ಕೊಟ್ಟು ಕಳಿಸಿದ್ರೆ ಬೀಗಿತ್ತಿ ನಮ್ಮನ್ನ ಸುಮ್ನೆ ಬಿಡ್ತಾಳಾ?"

ವಿಜಯದಶಮಿಯ ದಿನ ಒಳ್ಳೆಯದೆಂದು ಶಿವಮೊಗ್ಗಕ್ಕೆ ಹೋದೆ. ಅಂಗಡಿಯವನು ಕೇಳಿದ: "ಯಾವ ಪ್ರೊಸೆಸರ್‌ಗೆ ಹಾಕ್ತೀರಿ?"

"ಅಳಿಯಂದಕ್ಕೆ."

"ಅಳಿಯಂದು ಅನ್ನೋ ಕಂಪನಿ ಇಲ್ಲ ಯಜಮಾನ್ರೇ. ಹೊಸದಾ, ಹಳೇದಾ?"

ಅಳಿಯನಿಗೆ ಫೋನ್ ಮಾಡೋಣವೆಂದರೆ ಕೊಡುವ ವಸ್ತುವಿನ ಬಗ್ಗೆ ಪಡೆಯುವವನನ್ನೇ ಎಷ್ಟು ಸಲ ಕೇಳುವುದು? "ನಡೀತಾ ಇದೆ" ಎಂದೆ. ಅವನು ನಿಟ್ಟುಸಿರು ಬಿಟ್ಟು, "ಹಳೇದಾದ್ರೆ ಹೊಂದೋದು ಕಷ್ಟ. ತಗೊಂಡು ಹೋದ ಕೂಡ್ಲೆ ಹಾಕಿ ನೋಡಿ. ಹತ್ತು ದಿನದೊಳಗೆ ತಂದ್ರೆ ಬದಲಾಯಿಸಿ ಕೊಡ್ತೀನಿ" ಎಂದು ಎರಡೆರಡು ಸಲ ಹೇಳಿದ. ನಾನು ಎರಡೆರಡು ಸಲ ತಲೆಯಾಡಿಸಿದೆ.

ಮನೆಗೆ ತಂದ ಡಬ್ಬಿಯನ್ನು ನಮ್ಮನೆಯವಳು ಎರಡೂ ಕೈಯಲ್ಲಿ ಎತ್ತಿ ನೋಡಿದಳು. ಸುಮಾರು ಎರಡು ತೆಂಗಿನಕಾಯಿಯ ಭಾರ. ಅವಳ ಮುಖ ಅರಳಿತು. "ಸದ್ಯ! ಕಾರ್ಡು ಅಂದ್ರೂ ತೂಕಕ್ಕೆ ಮೋಸ ಇಲ್ಲ."

ದೇವರ ಮುಂದೆ

ಕೊಡುವ ವಸ್ತುವನ್ನು ಕೊಡುವ ಮೊದಲು ಒಡೆದು ನೋಡುವ ಪದ್ಧತಿ ನಮ್ಮಲ್ಲಿಲ್ಲ. ದೇವರ ಮುಂದಿಟ್ಟು, ಆ ದಿನ ಬಂದಾಗ ಎತ್ತಿ ಕೊಡುವುದು. ವಿಜಯದಶಮಿಯಿಂದ ಬಲಿಪಾಡ್ಯಮಿಗೆ ಇಪ್ಪತ್ತೊಂದು ದಿನ. ಇಪ್ಪತ್ತೊಂದು ದಿನವೂ ನಾನು ಸ್ನಾನ ಮಾಡಿ ಬಂದು ದೇವರಿಗೆ ಹೂವು ಏರಿಸಿ, ಒಂದು ಎಸಳು ಆ ಡಬ್ಬಿಗೂ ಇಡುತ್ತಿದ್ದೆ.

ಹಬ್ಬಕ್ಕೆ ಎರಡು ದಿನ ಮೊದಲೇ ಮಗಳು ಅಳಿಯ ಬಂದರು. ಅಳಿಯ ದೇವರಿಗೆ ನಮಸ್ಕಾರ ಮಾಡಲು ಹೋದವನು ಹೊರಗೆ ಬರಲೇ ಇಲ್ಲ. ಇಷ್ಟು ಭಕ್ತಿಯ ಹುಡುಗನಿಗೆ ಮಗಳನ್ನು ಕೊಟ್ಟೆನಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಇಣುಕಿ ನೋಡಿದರೆ ಡಬ್ಬಿಯ ಮೇಲಿನ ಅಕ್ಷರ ಓದುತ್ತಿದ್ದ.

"ಮಾವ, ಉದ್ದ ಒಂಚೂರು ನೋಡಬಹುದಿತ್ತು."

"ಪಾಡ್ಯದ ದಿನ ನೋಡುವಿರಂತೆ."

ಪಾಡ್ಯದ ದಿನ ಹಸುಗಳ ಪೂಜೆ ಮುಗಿಸಿ, ಮಣೆಯ ಮೇಲೆ ಕೂರಿಸಿ, ವೀಳ್ಯದೆಲೆಯ ಮೇಲಿಟ್ಟು ಕೊಟ್ಟೆವು. ನಮ್ಮನೆಯವಳು ಡಬ್ಬಿ ಬಿಚ್ಚಿಸಿ, ಒಳಗಿನ ವಸ್ತುವಿಗೇ ಅರಿಶಿನ ಕುಂಕುಮ ಹಚ್ಚಲು ನೀರಲ್ಲಿ ಕಲಸಿಕೊಂಡು ಬಂದಳು. ಅಳಿಯ ಮಣೆಯಿಂದೆದ್ದು ಕಾರ್ಡನ್ನು ಎದೆಗವಚಿಕೊಂಡು ಕಂಬದ ಹಿಂದೆ ನಿಂತ.

"ಅತ್ತೆ, ಡಬ್ಬಿಗೆ ಹಚ್ಚಿ. ಕೈ ಮುಗೀತೀನಿ, ಬೇಕಾದ್ರೆ ನನ್ನ ಹಣೆಗೂ ಹಚ್ಚಿ!"

ಎರಡು ಬೆರಳು

ಮಗಳನ್ನು ವಾಪಸು ಬಿಡಲು ನಾನೇ ಜೊತೆಗೆ ಹೋದೆ. ಸೊರಬದಲ್ಲಿ ಬಸ್ಸು ಬದಲಿಸಿ ಶಿಕಾರಿಪುರ ಮುಟ್ಟುವಾಗ ಮಧ್ಯಾಹ್ನ.

ನಮ್ಮ ಬೀಗರು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಈಗ ಮನೆಯಲ್ಲೇ ಇದ್ದಾರೆ. ಅಳಿಯ ಪಿಯುಸಿ ಸೇರಿದಾಗ ಕಂಪ್ಯೂಟರ್ ತಂದುಕೊಟ್ಟವರು ಅವರೇ. ಹತ್ತು ವರ್ಷದ ಮೇಲಾಯಿತು, ಒಂದು ದಿನ ಕೆಟ್ಟಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಅದರ ಪ್ರೊಸೆಸರಿಗೆ ಅವರ ಬಾಯಲ್ಲಿ ಎಂಜಿನ್ ಎಂದು ಹೆಸರು.

ಅಳಿಯ ಕಂಪ್ಯೂಟರಿನ ಡಬ್ಬಿ ಬಿಚ್ಚಿ ನನ್ನ ಕಾರ್ಡನ್ನು ಒಳಗಿಡಲು ನೋಡಿದ. ಎರಡು ಬೆರಳು ಹೊರಗುಳಿಯಿತು.

"ಬೀಗ್ರೇ, ನಿಮ್ಮ ಕಾರ್ಡು ಉದ್ದ ಐತೆ" ಎಂದರು ಬೀಗರು.

"ನಿಮ್ಮ ಡಬ್ಬಿ ಗಿಡ್ಡ ಇರಬಹುದಲ್ಲ" ಎಂದೆ, ಮೆಲ್ಲಗೆ.

"ಡಬ್ಬಿ ಹತ್ತು ವರ್ಷದಿಂದ ಅಷ್ಟೇ ಐತೆ. ಬಂದಿದ್ದು ನಿಮ್ಮ ಕಾರ್ಡು."

ಅವರು ಒಳಗೆ ಹೋಗಿ ಕಬ್ಬಿಣ ಕೊಯ್ಯುವ ಗರಗಸ ತಂದರು. ಡಬ್ಬಿ ಕೊಯ್ಯುತ್ತಾರೆಂದು ನಾನು ಸರಿದು ಜಾಗ ಕೊಟ್ಟರೆ ಅವರು ಕಾರ್ಡಿಗೆ ಕೈ ಹಾಕಿದರು. "ಎರಡು ಬೆರಳು ತಾನೆ? ತುದಿಗೆ ಬರೀ ಪ್ಲಾಸ್ಟಿಕ್ ಐತೆ." ಅಳಿಯ ಮತ್ತೆ ಕಾರ್ಡನ್ನು ಎದೆಗವಚಿಕೊಂಡ. ಅವನಿಗೆ ಆ ಹಬ್ಬದಲ್ಲಿ ಅದೇ ಕೆಲಸವಾಗಿ ಹೋಯಿತು.

ನಾನು ಅಂಗಡಿಯವನಿಗೆ ಫೋನ್ ಮಾಡಿ ಗಿಡ್ಡನೆಯದು ಕೊಡಲು ಕೇಳಿದೆ.

"ಹತ್ತು ದಿನ ಅಂದಿದ್ದೆ ಯಜಮಾನ್ರೇ. ಇಷ್ಟು ದಿನ ಎಲ್ಲಿಟ್ಟಿದ್ರಿ?"

"ದೇವರ ಮುಂದೆ."

ಅವನು ಹೇಳಿದ: "ಹಂಗಾದ್ರೆ ಅವರನ್ನೇ ಕೇಳಿ, ಬದಲಾಯಿಸಿ ಕೊಡ್ತಾರೇನೋ."

ಕಪ್ಪು ಪರದೆ

ಕೊನೆಗೆ ಅಳಿಯ ಡಬ್ಬಿಯೊಳಗೆ ಖಾಲಿ ಇದ್ದ ಒಂದು ತಗಡಿನ ಗೂಡು ಬಿಚ್ಚಿ ತೆಗೆದು ಕಾರ್ಡನ್ನು ಕೂರಿಸಿದ. ಬೀಗರು ಆ ಗೂಡನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು.

ಬೀಗಿತ್ತಿ ಬೀದಿಯ ಹೆಂಗಸರನ್ನೆಲ್ಲ ಕರೆದುಬಿಟ್ಟಿದ್ದರು. ಅಳಿಯನ ಮೊದಲ ಹಬ್ಬದ ಉಡುಗೊರೆ ನೋಡಲು ಕರೆಯುವುದು ಅಲ್ಲಿಯ ರೂಢಿ. ಉಂಗುರವಾದರೆ ಬೆರಳಲ್ಲಿ ತೋರಿಸಬಹುದು. ಡಬ್ಬಿಯೊಳಗೆ ಹೋದದ್ದನ್ನು ಹೇಗೆ ತೋರಿಸುವುದು? ಆಟ ಹಾಕಿದರೆ ಗೊತ್ತಾಗುತ್ತದೆ ಎಂದ ಅಳಿಯ. ಹೆಂಗಸರು ಚಾಪೆಯ ಮೇಲೆ ಸಾಲಾಗಿ ಕೂತರು. ಕಂಪ್ಯೂಟರ್ ಹತ್ತಿತು. ಕಾರ್ಡಿನ ಫ್ಯಾನುಗಳು ತಿರುಗಿದವು. ನಾನು ಮನಸ್ಸಿನಲ್ಲೇ ನಮ್ಮೂರ ದೇವಿ ರೇಣುಕಾಂಬೆಯನ್ನು ನೆನೆದೆ. ಅಳಿಯ ಆಟ ತೆರೆದ. ಟಪ್ ಎಂದು ಎಲ್ಲ ಆರಿಹೋಯಿತು.

ಮತ್ತೆ ಹಚ್ಚಿದ. ಮತ್ತೆ ಟಪ್.

"ನಾನು ಮಿಕ್ಸಿ ಹಾಕಿದ್ದಕ್ಕೇನೋ" ಎಂದರು ಬೀಗಿತ್ತಿ ಒಳಗಿನಿಂದ. ಮಿಕ್ಸಿ ನಿಲ್ಲಿಸಿದರು. ಆದರೂ ಟಪ್. ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಡಬ್ಬಿಯೊಂದಿದೆಯಂತೆ, ಎಸ್‌ಎಂಪಿಎಸ್ ಎಂದು. ಅದೂ ಹಳೆಯದು, ಹೊಸ ಕಾರ್ಡಿನ ಹಸಿವಿಗೆ ಸಾಲದು. "ಇಷ್ಟು ವರ್ಷ ಸಾಲ್ತಿತ್ತಲ್ಲ?" ಎಂದು ಬೀಗರು ಗೋಡೆ ನೋಡಿಕೊಂಡು ಹೇಳಿದರು.

ಬಂದಿದ್ದ ಹೆಂಗಸರಲ್ಲಿ ಹಿರಿಯರೊಬ್ಬರು ಕಪ್ಪು ಪರದೆಯನ್ನು ಬಹಳ ಹೊತ್ತು ನೋಡಿ, ಅವಲಕ್ಕಿಯ ತಟ್ಟೆ ಕೆಳಗಿಟ್ಟು, ನನ್ನ ಮಗಳಿಗೆ ಸಮಾಧಾನ ಹೇಳಿದರು: "ಇರಲಿ ಬಿಡವ್ವ. ನಮ್ಮ ಅಳಿಯಂಗೆ ಕೊಟ್ಟ ವಾಚೂ ಮೂರೇ ದಿನಕ್ಕೆ ನಿಂತೋತು. ಅದಾದ್ರೂ ಮೂರು ದಿನ ನಡೀತು."

ಬರಿಗೈಯಲ್ಲಿ ಹೋಗಬಾರದು

ಅರ್ಧ ಉಡುಗೊರೆ ಕೊಟ್ಟವನೆಂಬ ಹೆಸರು ನನಗೆ ಬೇಡ. ಮುಂದಿನ ವಾರವೇ ಎಸ್‌ಎಂಪಿಎಸ್ ತಂದು ಶಿಕಾರಿಪುರಕ್ಕೆ ಹೊರಟೆ. ಈ ಸಲ ದೇವರ ಮುಂದೆ ಇಡಲಿಲ್ಲ, ಬುದ್ಧಿ ಬಂದಿತ್ತು. ಆದರೆ ನಮ್ಮನೆಯವಳು, "ಬೀಗರ ಮನೆಗೆ ಬರೀ ತಗಡಿನ ಡಬ್ಬಿ ಹಿಡ್ಕೊಂಡು ಹೋಗ್ತಾರಾ?" ಎಂದು ಅದೇ ಚೀಲಕ್ಕೆ ತೆಂಗಿನಕಾಯಿ, ರವಿಕೆ ಕಣ, ಬಾಳೆಹಣ್ಣು, ಹೂವು ತುಂಬಿದಳು.

ಬಾಗಿಲಲ್ಲಿ ಬೀಗಿತ್ತಿ ಚೀಲದೊಳಗೆ ಹೂವು ಕಣ ನೋಡಿದವರೇ ಸೆರಗೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಸೀದಾ ದೇವರ ಕೋಣೆಗೆ ಹೋದರು. ಅಳಿಯ ಹಿಂದೆಯೇ ಓಡಿದ. "ಅಮ್ಮಾ, ಕಾಯಿ ಇಟ್ಕೊ, ಆ ಡಬ್ಬಿ ಇತ್ಲಾಗೆ ಕೊಡು!"

"ಮಡಿಲಿಗೆ ಬಂದಿದ್ದನ್ನ ಹಂಗೆಲ್ಲ ತೆಗೀಬಾರದು. ಸಂಜೆ ದೀಪ ಹಚ್ಚಿದ ಮ್ಯಾಲೆ ತಗೊ."

ಆಗ ಗಂಟೆ ಹನ್ನೆರಡು. ನನ್ನ ವಾಪಸು ಬಸ್ಸಿನ ಚಿಂತೆ ನನಗೆ. ದೇವರ ವಿಷಯದಲ್ಲಿ ಅವಸರ ಮಾಡಿ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಜೀವಮಾನದಲ್ಲಿ ಮೊದಲ ಸಲ ದೇವರ ಕೋಣೆಯ ಹೊಸ್ತಿಲಲ್ಲಿ ನಿಂತು, ಬೇಗ ಹೊತ್ತು ಮುಳುಗಿಸಪ್ಪಾ ಎಂದು ಬೇಡಿಕೊಂಡೆ.

ನೂರು ಮತ್ತು ಮೂವತ್ತು

ದೀಪ ಹಚ್ಚಿದರು, ಡಬ್ಬಿ ಕೊಟ್ಟರು, ಅಳಿಯ ಜೋಡಿಸಿದ. ಈ ಸಲ ಆರಲಿಲ್ಲ. ಪರದೆಯ ಮೇಲೆ ಬಣ್ಣ ಬಂತು, ಬೆಟ್ಟ ಬಂತು, ಒಬ್ಬ ಓಡುವ ಮನುಷ್ಯ ಬಂದ. ಆದರೆ ಅವನು ನಾಲ್ಕು ಹೆಜ್ಜೆ ಓಡುವುದು, ಏನೋ ಮರೆತು ಬಂದವನಂತೆ ಗಕ್ಕನೆ ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ.

"ನಿಮ್ಮ ಕಾರ್ಡು ಬಂದ ಮ್ಯಾಲೆ ಕುಂಟಾಕೆ ಶುರುವಾತು" ಎಂದರು ಬೀಗರು.

ಅಳಿಯ ಏನೋ ಒತ್ತಿ, ಪರದೆಯ ಮೂಲೆಯಲ್ಲಿ ಎರಡು ಅಂಕಿ ಬರುವಂತೆ ಮಾಡಿದ. ಪ್ರೊಸೆಸರ್ ನೂರು. ಕಾರ್ಡು ಮೂವತ್ತು. ಯಾರು ಎಷ್ಟು ಕೆಲಸ ಮಾಡುತ್ತಿದ್ದಾರೆ ಅನ್ನುವ ಲೆಕ್ಕವಂತೆ. ಅದನ್ನು ನಮ್ಮಿಬ್ಬರ ಮುಂದೆ ತೋರಿಸಬಾರದಿತ್ತು.

ಬೀಗರು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದರು. ತಿರುಗಿದಾಗ ಅವರ ಮುಖದಲ್ಲಿ ಮಗನಿಗೆ ರ‍್ಯಾಂಕ್ ಬಂದ ಕಳೆ. "ನೋಡ್ರಿ ಬೀಗ್ರೇ. ಹತ್ತು ವರ್ಷದ ಎಂಜಿನ್. ನೂರಕ್ಕೆ ನೂರು ದುಡೀತಾ ಐತೆ. ನಿಮ್ಮದು ನಿನ್ನೆ ಬಂದಿದ್ದು, ಮೂವತ್ತಕ್ಕೇ ಕೂತೈತೆ."

ನನಗೆ ರೇಗಿತು. ಆದರೂ ತಡೆದುಕೊಂಡು ಅಳಿಯನ ಮುಖ ನೋಡಿದೆ. ಅವನು ತಲೆ ತಗ್ಗಿಸಿಕೊಂಡೇ ವಿವರಿಸಿದ: ಮುಂದಿನ ಚಿತ್ರದಲ್ಲಿ ಏನೇನಿರಬೇಕು ಎಂದು ಲೆಕ್ಕ ಹಾಕಿ ಕಳಿಸುವುದು ಪ್ರೊಸೆಸರ್, ಬಿಡಿಸುವುದು ಕಾರ್ಡು. ಪ್ರೊಸೆಸರ್ ಹಳೆಯದಾದ್ದರಿಂದ ಕಳಿಸುವುದು ನಿಧಾನ. ಕಾರ್ಡು ಕಾಯುತ್ತಾ ಕೂರುತ್ತದೆ.

ನನಗೆ ತಕ್ಷಣ ಅರ್ಥವಾಯಿತು. ಚಂದ್ರಗುತ್ತಿಯ ದೇವಸ್ಥಾನದಲ್ಲಿ ಪಂಕ್ತಿಗೆ ಬಡಿಸಿ ನನಗೆ ಅಭ್ಯಾಸವಿದೆ. "ಹೀಗೆ ಬೀಗ್ರೇ. ಒಳಗೆ ಹಂಡೆಯಿಂದ ಬಕೆಟಿಗೆ ಅನ್ನ ತುಂಬಿ ಕೊಡೋರು ಒಬ್ಬರು, ಹೊರಗೆ ಎಲೆಗೆ ಬಡಿಸೋರು ಒಬ್ಬರು. ತುಂಬೋರು ನಿಧಾನ ಮಾಡಿದ್ರೆ ಬಡಿಸೋನು ಎಷ್ಟೇ ಚುರುಕಿದ್ರೂ ಖಾಲಿ ಬಕೆಟ್ ಹಿಡ್ಕೊಂಡು ನಿಂತಿರ್ತಾನೆ. ತಪ್ಪು ಯಾರದ್ದು?"

ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿಲ್ಲ ಎಂದು ನನಗೇ ಅನ್ನಿಸಿತು. ಬೀಗರು ಗಂಭೀರವಾಗಿ ಯೋಚಿಸಿದರು. "ಅಂದ್ರೆ, ಒಳಗೆ ಬೆಂಕಿ ಮುಂದೆ ಬೆವರು ಸುರಿಸ್ತಾ ಇರೋನು ನಮ್ಮೋನು."

"ಹೌದು, ಆದರೆ..."

"ಸುಮ್ನೆ ಬಕೆಟ್ ಹಿಡ್ಕೊಂಡು ನಿಂತೋನು ನಿಮ್ಮೋನು. ನಾನೂ ಅದನ್ನೇ ಹೇಳಿದ್ದು."

ಎಂಜಿನ್ ಇಳಿಸುವ ಮಾತು

ಪ್ರೊಸೆಸರ್ ಬದಲಿಸಿದರೆ ಸರಿಹೋಗುತ್ತದೆ. ಆದರೆ ಅದನ್ನು ಬದಲಿಸಿದರೆ ಅದು ಕೂರುವ ಬೋರ್ಡೂ ಬದಲಿಸಬೇಕಂತೆ. ಅಂದರೆ ಬೀಗರು ತಂದದ್ದರಲ್ಲಿ ಉಳಿಯುವುದು ಹೊರಗಿನ ತಗಡು ಮಾತ್ರ. ಈ ಮಾತನ್ನು ಅವರಿಗೆ ಹೇಳುವ ಧೈರ್ಯ ಅಳಿಯನಿಗೆ ಇರಲಿಲ್ಲ. ಫೋನಿನಲ್ಲಿ ನಾನೇ ಹೇಳಿದೆ, ಬಹಳ ನಯವಾಗಿ: "ಬೀಗ್ರೇ, ಪಾಪ, ಅದು ಇಷ್ಟು ವರ್ಷ ದುಡಿದಿದೆ, ಇನ್ನು ವಿಶ್ರಾಂತಿ ಕೊಡೋಣ ಅಂತ."

ಬೀಗರು, "ಬಸ್ಸಿನ ಮಾಲೀಕರು ನನಗೂ ಹಿಂಗೇ ಹೇಳಿದ್ರು" ಎಂದು ಫೋನ್ ಇಟ್ಟರು.

ಅಲ್ಲಿಂದ ಹದಿನೈದು ದಿನ ಎರಡು ಮನೆಗಳ ನಡುವೆ ಮಾತಿಲ್ಲ. ನಮ್ಮನೆಯವಳು, "ಉಂಗುರ ಕೊಟ್ಟಿದ್ರೆ ಬೆರಳು ಬದಲಾಯಿಸು ಅಂತ ಯಾರೂ ಹೇಳ್ತಿರ್ಲಿಲ್ಲ" ಎಂದು ದಿನಕ್ಕೆ ಮೂರು ಸಲ ಹೇಳಿದಳು. ಕೊನೆಗೆ ಮಗಳ ಫೋನ್ ಬಂತು. "ಅಪ್ಪ, ಇಲ್ಲಿ ಮಾವ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ಅದರ ಪಕ್ಕದಲ್ಲೇ ಮಲಗ್ತಿದಾರೆ. ಇವರು ಆಫೀಸಿಗೆ ಹೋದಾಗ ಯಾರಾದ್ರೂ ಬಂದು ಎಂಜಿನ್ ಇಳಿಸಿಬಿಡ್ತಾರಂತೆ."

"ಯಾರು ಬರ್ತಾರೆ?"

"ನೀವು."

ಸ್ಟ್ಯಾಂಡಿನಿಂದ ಹೊರಟ ಬಸ್ಸು

ಮುಂದಿನ ಭಾನುವಾರ ಮಗಳೇ ಕರೆಸಿದಳು. ಇಬ್ಬರಿಗೂ ಮರ್ಯಾದೆ ಹೋಗದ ದಾರಿ ಹುಡುಕಿದ್ದೇನೆ ಎಂದಳು. ಬೀಗರು ನನ್ನನ್ನು ನೋಡಿ "ಬರ್ರಿ" ಎಂದಷ್ಟೇ ಹೇಳಿ, ನನ್ನ ಕೈಚೀಲವನ್ನು ನೋಡಿದರು. ಸ್ಕ್ರೂಡ್ರೈವರ್ ಇಲ್ಲವೆಂದು ಖಾತ್ರಿಯಾದ ಮೇಲೆ ಕುಳಿತರು.

ಮಗಳು ಗಂಡನಿಂದ ಕೇಳಿ ಕಲಿತುಕೊಂಡು ಮಾಡಿದ್ದು ಇಷ್ಟು. ಒಂದು ಸೆಕೆಂಡಿಗೆ ಇಷ್ಟೇ ಚಿತ್ರ ಸಾಕು, ಹೆಚ್ಚು ಬೇಡ ಎಂದು ಆಟಕ್ಕೆ ಕಟ್ಟು ಹಾಕಿದಳು. ಪ್ರೊಸೆಸರಿಗೆ ಉಸಿರು ಬಂತು. ಆ ಅಷ್ಟು ಚಿತ್ರವನ್ನೇ ಎಲೆ ಎಲೆಯೂ ಕಾಣುವಂತೆ ನಯವಾಗಿ ಬಿಡಿಸು ಎಂದು ಕಾರ್ಡಿಗೆ ಹೇಳಿದಳು. ಅದಕ್ಕೆ ಕೈತುಂಬ ಕೆಲಸ ಬಂತು. ಆಮೇಲೆ ಓಡುವ ಮನುಷ್ಯನ ಆಟ ಬಿಟ್ಟು ಬೇರೊಂದು ಆಟ ಹಾಕಿದಳು. ಬಸ್ಸು ಓಡಿಸುವ ಆಟ.

ಪರದೆಯ ಮೇಲೆ ಸ್ಟೇರಿಂಗ್ ಬಂತು, ಗಾಜು ಬಂತು, ಗಾಜಿನ ಮೇಲೆ ಮಳೆಹನಿ, ಅದನ್ನು ಒರೆಸುವ ಕಡ್ಡಿ, ಮುಂದೆ ಘಟ್ಟದ ರಸ್ತೆ. ಒಂದು ಕಡೆಯೂ ಗಕ್ಕೆನ್ನಲಿಲ್ಲ. ಅಳಿಯ ನಾಲ್ಕು ತಿರುವು ಓಡಿಸಿದ. ಬೀಗರು ಕುರ್ಚಿಯ ತುದಿಗೆ ಬಂದಿದ್ದರು.

"ಏ, ತಿರುವಿನಾಗೆ ಗೇರ್ ಇಳಿಸಬೇಕೋ! ಹಿಂದೆ ಬಸುರಿ ಹೆಂಗಸು ಕೂತಿದ್ರೆ? ಏಳು ಮ್ಯಾಲೆ."

ಅಳಿಯ ಎದ್ದ. ಅವನು ಅಂದು ಎದ್ದವನು, ಮತ್ತೆ ಕೂತಿಲ್ಲ.

ಬೀಗರು ಮೊದಲು ಪರದೆಗೆ ಕೈಮುಗಿದರು. ಮಗಳು ಯಾವ ಗುಂಡಿ ಯಾವುದಕ್ಕೆ ಎಂದು ಹೇಳಿಕೊಟ್ಟಳು. ಬಸ್ಸು ಸ್ಟ್ಯಾಂಡಿನಲ್ಲಿತ್ತು, ಆದರೆ ಅವರು ಹೊರಡಲಿಲ್ಲ. "ಹೋಗಿ ಮಾವ" ಎಂದಳು ಮಗಳು. "ಕಂಡಕ್ಟರ್ ರೈಟ್ ಅನ್ನದೆ ಹೆಂಗ್ ಹೋಗ್ಲಿ?" ಆಟದಲ್ಲಿ ಕಂಡಕ್ಟರ್ ಇಲ್ಲ. ಕೊನೆಗೆ ಅಳಿಯ ಹಿಂದೆ ನಿಂತು ಗೋಡೆ ತಟ್ಟಿ "ರೈಟ್, ರೈಟ್" ಎಂದ ಮೇಲೆ ಬಸ್ಸು ಹೊರಟಿತು. ನಲವತ್ತರ ಮೇಲೆ ಹೋಗಲಿಲ್ಲ. ಹಿಂದಿನ ಗಾಡಿಗಳೆಲ್ಲ ಹಾರನ್ ಹೊಡೆದವು. ಆಟ ಕೆಂಪಕ್ಷರದಲ್ಲಿ ತಡವಾಯಿತು ತಡವಾಯಿತು ಎಂದು ಬರೆಯಿತು. "ಅವಸರ ಇದ್ದೋರು ರೈಲಿಗೆ ಹೋಗ್ಲಿ" ಎಂದರು. ಒಂದು ಸ್ಟಾಪಿನಲ್ಲಿ ಇಳಿಯುವ ಮುದುಕಿಗಾಗಿ ಬಾಗಿಲು ತೆರೆದಿಟ್ಟು ಕಾದರು. ಬೀಗಿತ್ತಿ ಊಟಕ್ಕೆ ಕರೆದರೆ, "ಮುಂದಿನ ಸ್ಟ್ಯಾಂಡಿನಾಗೆ" ಎಂದರು.

ಮೂಲೆಯ ಅಂಕಿ ನೋಡಿದೆ. ಅವರದ್ದು ಎಪ್ಪತ್ತು, ನನ್ನದು ತೊಂಬತ್ತೈದು. ನನ್ನ ಕಾರ್ಡು ಕೊನೆಗೂ ದುಡಿಯುತ್ತಿತ್ತು. ಅಂಕಿಯ ಕಡೆ ಬೀಗರ ಗಮನವೇ ಇರಲಿಲ್ಲ.

ಹೀಗೆ ಎರಡು ಗಂಟೆ ಕಳೆಯಿತು. ಸೊರಬಕ್ಕೆ ಹೋಗುವ ನನ್ನ ಬಸ್ಸಿನ ಹೊತ್ತಾಗುತ್ತಾ ಬಂತು. ಮಗಳು ಕಣ್ಣಲ್ಲೇ "ಕೇಳಿಬಿಡಿ" ಎಂದಳು. ನಾನು ಶಲ್ಯ ಸರಿ ಮಾಡಿಕೊಂಡು ಅವರ ಕುರ್ಚಿಯ ಪಕ್ಕ ಹೋಗಿ ನಿಂತೆ.

"ಬೀಗ್ರೇ."

"ಹ್ಞೂಂ."

"ನನ್ನ ಬಸ್ಸಿನ ಹೊತ್ತಾಯ್ತು. ಒಂದೇ ಒಂದು ಮಾತು ಹೇಳಿಬಿಡಿ, ಹೊರಡ್ತೀನಿ. ನಾನು ಕೊಟ್ಟ ಕಾರ್ಡು ಹೇಗಿದೆ?"

ಅವರು ತಿರುಗಲಿಲ್ಲ. ಎರಡೂ ಕೈ ಕೀಲಿಮಣೆಯ ಮೇಲೆ, ಕಣ್ಣು ಘಟ್ಟದ ತಿರುವಿನ ಮೇಲೆ.

"ಡ್ರೈವರ್ ಜೊತೆ ಮಾತಾಡಬ್ಯಾಡ್ರಿ ಅಂತ ಅಷ್ಟು ದಪ್ಪ ಅಕ್ಷರದಾಗೆ ಬೋರ್ಡ್ ಬರೆಸಿರ್ತಾರೆ, ಇಷ್ಟು ವರ್ಷ ಓಡಾಡಿದ್ರೂ ಓದಿಲ್ಲೇನ್ರಿ ಬೀಗ್ರೇ? ಹಿಂದಕ್ಕೆ ಹೋಗಿ ಕುತ್ಕಳ್ರಿ."